ಉದ್ದಕಿವಿಯವರ ಕೋಟೆ ಬಾಗಿಲಲ್ಲಿ ಮಚ್ಚಿನಕ್ಕ

ನಮ್ಮ ಬೀದಿಯ ಮಚ್ಚಿನಕ್ಕ ಒಂದೇ ಏಟಿಗೆ ಮೇಕೆಯ ತೊಡೆ ಮೂಳೆ ಕಡಿದರೆ ಆ ಸದ್ದಿಗೆ ಮೂರು ಬೀದಿಯಾಚೆ ಮಲಗಿದ್ದ ನಾಯಿಗೆ ಎಚ್ಚರವಾಗುತ್ತಿತ್ತು. ಅದು ಮೈ ಮುರಿದು, ಬಾಲ ಆಡಿಸಿಕೊಂಡು ಅಂಗಡಿಗೆ ಬರುವಷ್ಟರಲ್ಲಿ ಇನ್ನೊಂದು ಮೇಕೆ ಮುಗಿದಿರುತ್ತಿತ್ತು. ನಾನು ಸುಳ್ಳು ಹೇಳುವವನಲ್ಲ. ನಿಜವನ್ನು ಸ್ವಲ್ಪ ಎಳೆದು ಹದ ಮಾಡುತ್ತೇನೆ, ಅಷ್ಟೆ.

ಅಪ್ಪನಿಂದ ಬಂದ ಮಾಂಸದಂಗಡಿ, ಅಪ್ಪನಿಂದ ಬಂದ ಮಚ್ಚು, ಅಪ್ಪನಿಂದಲೇ ಬಂದ ಮುಂಗೈ. ಒಮ್ಮೆ ಗಲ್ಲಾಪೆಟ್ಟಿಗೆಗೆ ಕೈ ಹಾಕಿದವನೊಬ್ಬನ ಮಣಿಕಟ್ಟನ್ನು ಅವಳು ಹಿಡಿದುಕೊಂಡಳು. ತಿರುಚಲಿಲ್ಲ, ಬರೀ ಹಿಡಿದಳು. ಅವನು ಇವತ್ತಿಗೂ ಎಡಗೈಯಲ್ಲಿ ಊಟ ಮಾಡುತ್ತಾನೆ, ಎಡಗೈಯಲ್ಲೇ ಸಹಿ ಹಾಕುತ್ತಾನೆ, ಅವಳ ಅಂಗಡಿ ಮುಂದೆ ಹಾದುಹೋಗುವಾಗ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಳ್ಳುತ್ತಾನೆ.

ಇಂಥವಳಿಗೆ ಗಂಡನಾಗಿ ಸಿಕ್ಕವನು ಕನ್ನಡಕದಂಗಡಿಯ ಸೇಲ್ಸ್‌ಮನ್. ಅವನ ಶರ್ಟಿನ ಇಸ್ತ್ರಿ ಗೆರೆಯಲ್ಲಿ ಈರುಳ್ಳಿ ಹೆಚ್ಚಬಹುದಿತ್ತು. ಮೊದಲ ಸಲ ಅರ್ಧ ಕಿಲೋ ಮಾಂಸ ಕೊಳ್ಳಲು ಬಂದವನು ನೆತ್ತರು ನೋಡಿ ಅಲ್ಲೇ ಕುಸಿದುಬಿದ್ದ. ಇವಳು ಕಾಲರ್ ಹಿಡಿದು ಒಂದೇ ಕೈಯಲ್ಲಿ ಎತ್ತಿ, ಇನ್ನೊಂದು ಕೈಯಲ್ಲಿ ಮುಖಕ್ಕೆ ನೀರು ಎರಚಿದಳು. ಕಣ್ಣು ಬಿಟ್ಟವನೇ, "ನಿಮಗೆ ಮದುವೆ ಆಗಿದೆಯಾ?" ಎಂದನಂತೆ. "ಇಲ್ಲ, ಎತ್ತೋಕಾಗೋ ಗಂಡು ಹುಡುಕ್ತಿದ್ದೆ" ಎಂದಳಂತೆ ಇವಳು.

ಸಂಸಾರ ಚೆನ್ನಾಗಿಯೇ ಇತ್ತು. ಒಂದೇ ಒಂದು ಮುಳ್ಳು. ಕನ್ನಡಕದಂಗಡಿಯ ಯಜಮಾನರು ವರ್ಷಕ್ಕೊಮ್ಮೆ ಕೆಲಸದವರಿಗೆಲ್ಲ ಕುಟುಂಬ ಸಮೇತ ಊಟ ಹಾಕಿಸುತ್ತಿದ್ದರು. ಇವನು ಪ್ರತಿ ವರ್ಷ ಒಬ್ಬನೇ ಹೋಗುತ್ತಿದ್ದ. ಬಾಗಿಲಲ್ಲಿ ನಿಂತು, "ಬೇಗ ಬರ್ತೀನಿ ಕಣೇ" ಎಂದರೆ ಅವಳು ಸುಮ್ಮನೆ ಮಚ್ಚು ಮಸೆಯುತ್ತ, "ಹೂಂ" ಎನ್ನುತ್ತಿದ್ದಳು. ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಆ "ಹೂಂ" ಗೋಡೆ ತೂರಿಕೊಂಡು ಬಂದು ನನ್ನ ಚಹಾದ ಲೋಟ ನಡುಗಿಸುತ್ತಿತ್ತು.

ಸಂಜೆ ಹೊತ್ತು ಇಬ್ಬರೂ ಟಿವಿಗೆ ಗೇಮ್ ಪೆಟ್ಟಿಗೆ ಸಿಕ್ಕಿಸಿಕೊಂಡು ಪಕ್ಕಪಕ್ಕ ಕೂತು ಆಡುವುದು ಅವನೇ ಕಲಿಸಿದ ಚಟ. ತೀರ್ಪು ಹೇಳಲು ನಾನೂ ಹೋಗುತ್ತಿದ್ದೆ. ಕತ್ತಿ, ಮಾಟ, ಕೋಟೆ ಕೊತ್ತಲಗಳ ಆಟ. ಶುರುವಿನಲ್ಲೇ ಆಟ ಕೇಳುತ್ತದೆ: ನೀನು ಯಾವ ಕುಲ? ಉದ್ದಕಿವಿಯ ಚೆಲುವರು, ಗಡ್ಡದ ಕುಳ್ಳರು, ಕೋರೆಹಲ್ಲಿನ ರಕ್ಕಸರು, ಹೀಗೆ ಸಾಲಾಗಿ ನಿಂತಿರುತ್ತಾರೆ. ಅವನು ಯಾವಾಗಲೂ ಉದ್ದಕಿವಿ. ಅವಳು ಯಾವಾಗಲೂ ರಕ್ಕಸಿ.

"ಇಷ್ಟೊಂದು ಚೆಂದದ ಹೆಣ್ಣುಗಳಿರುವಾಗ ಇದ್ಯಾಕೇ?" ಎಂದು ಅವನು ಕೇಳಿದರೆ, "ಅವಳ ಕೈ ನೋಡ್ರೀ. ಕೆಲಸ ಮಾಡಿರೋ ಕೈ" ಎನ್ನುತ್ತಿದ್ದಳು.

ಆದರೆ ಮೊದಮೊದಲು ತಂದ ಗೇಮ್‌ಗಳಲ್ಲಿ ಕುಲವೆಂದರೆ ಬರೀ ವೇಷ. ಎಮ್ಮೆಗೆ ಸುಣ್ಣ ಬಳಿದ ಹಾಗೆ. ರಕ್ಕಸಿಗೆ ಒಂದಿಷ್ಟು ಬಲ ಜಾಸ್ತಿ, ಉದ್ದಕಿವಿಗೆ ಒಂದಿಷ್ಟು ಗುರಿ ಜಾಸ್ತಿ, ಅಲ್ಲಿಗೆ ಮುಗಿಯಿತು. ಮಚ್ಚಿನಕ್ಕ ಒಂದು ದಿನ ರೇಗಿಯೇ ಬಿಟ್ಟಳು.

"ಇದೇನ್ರೀ ಇದು! ಮೈಯೆಲ್ಲಾ ರಕ್ತ ಮೆತ್ಕೊಂಡು, ಕೋರೆಹಲ್ಲು ಬಿಟ್ಕೊಂಡು ಹೋಟ್ಲಿಗೆ ಹೋದ್ರೂ 'ಬನ್ನಿ ತಾಯಿ, ಕೂತ್ಕೊಳ್ಳಿ' ಅಂತಾನೆ. ನಿಜವಾದ ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ."

"ಆಟ ಆಡೋಕೆ ಕೂತಿದ್ದೀವಿ ಕಣೇ, ಅವಮಾನ ಪಡೋಕಲ್ಲ. ಯಾವ ಕುಲ ಆದ್ರೂ ಎಲ್ಲರಿಗೂ ಒಂದೇ ಮರ್ಯಾದೆ ಸಿಕ್ಕಿದ್ರೆ ತಪ್ಪೇನು?"

"ತಪ್ಪೇನಿಲ್ಲ. ಹಂಗಾದ್ರೆ ಕುಲ ಯಾಕೆ ಕೇಳ್ತಾನೆ? ಅಂಗಿ ಯಾವ ಬಣ್ಣ ಅಂತ ಕೇಳಿದ್ರೆ ಸಾಕಿತ್ತಲ್ಲ. ಏನಜ್ಜ, ನೀವ್ ಹೇಳಿ."

ನಾನು ಇಬ್ಬರದೂ ಸರಿ ಎಂದೆ. ಮಚ್ಚಿರುವ ಮನೆಯಲ್ಲಿ ನ್ಯಾಯ ಹೇಳುವ ರೀತಿಯೇ ಅದು.

ಆಮೇಲೆ ಅವನೊಂದು ಹೊಸ ಗೇಮ್ ತಂದ. ಇದು ಬೇರೆ ಜಾತಿಯ ಗೇಮ್. ಇದರಲ್ಲಿ ಸತ್ತರೆ ಸತ್ತ ಹಾಗೆ; ಹೊಸಬರಾಗಿ ಹುಟ್ಟಿ ಬರಬೇಕು, ಹಳಬರ ಹೆಣ ಅದೇ ಲೋಕದಲ್ಲಿ ಬಿದ್ದಿರುತ್ತದೆ. ರಕ್ಕಸಿ ಮೊದಲ ಹಳ್ಳಿಗೆ ಕಾಲಿಟ್ಟ ಕೂಡಲೇ ಬಾವಿಕಟ್ಟೆಯ ಹೆಂಗಸರು ಕೊಡ ಬಿಟ್ಟು ಓಡಿದರು, ಗಂಡಸರು ಕಲ್ಲು ಬೀರಿದರು. ಮಚ್ಚಿನಕ್ಕನ ಮುಖ ಅರಳಿತು. "ಹಾಂ! ಇದು ನೋಡ್ರೀ ನಿಜ!" ಎಂದು ಮೊದಲು ಕಲ್ಲೆಸೆದವನ ಕಾಲು ಹಿಡಿದೆತ್ತಿ, ಅವನನ್ನೇ ದೊಣ್ಣೆ ಮಾಡಿಕೊಂಡು ಉಳಿದವರನ್ನು ಬಡಿದಳು. ತಲೆಗಳು ಒಣ ಸೋರೆಬುರುಡೆಯಂತೆ ಬಿರಿದವು. ಒಬ್ಬನನ್ನು ಅವನ ಮನೆಯ ಬಾಗಿಲಿಗೇ ಈಟಿಯಿಂದ ಮೊಳೆಯಂತೆ ಜಡಿದಳು. ಕಣಜದಲ್ಲಿ ಅಡಗಿದವನನ್ನು ಕಣಜದ ಸಮೇತ ತುಳಿದಳು. ನೆತ್ತರು ಟಿವಿಯಿಂದ ಸೋರಿರಬಹುದೆಂದು ನಾನು ಕಾಲು ಮೇಲೆತ್ತಿಕೊಂಡೆ.

ಹೀಗೆ ಕಡಿದು ಕೊಚ್ಚಿ ಆ ರಕ್ಕಸಿಯನ್ನು ಅವಳು ಮಗಳ ಹಾಗೆ ಬೆಳೆಸಿದಳು. ಅಂಗಡಿಯಲ್ಲಿ ಮಾಂಸ ತೂಗುವಾಗಲೂ ಆ ರಕ್ಕಸಿಯದೇ ಮಾತು. ಕೊಲ್ಲುವುದೆಲ್ಲ ರಕ್ಕಸಿ, ಹೆಸರೆಲ್ಲ ಉದ್ದಕಿವಿಗೆ. ಯಾಕೆಂದರೆ ಆ ಲೋಕದ ದೊಡ್ಡ ಪಟ್ಟಣ ಉದ್ದಕಿವಿಯವರದು. ಬಿಳಿ ಕಲ್ಲಿನ ಕೋಟೆ. ರಕ್ಕಸರಿಗೆ ಒಳಗೆ ಹೆಜ್ಜೆಯಿಡುವ ಹಾಗಿಲ್ಲ. ಅವನು ಒಳಗೆ ಹೋಗಿ, ಅವಳು ಕೊಂದ ಮೃಗಗಳ ಚರ್ಮ ಮಾರಿ, ದೊರೆಯ ಕೈ ಕುಲುಕಿ ಬರುವವರೆಗೆ ಅವಳು ಕೋಟೆಯ ಹೊರಗೆ ಕೆಸರಿನಲ್ಲಿ ನಿಂತಿರಬೇಕು. ಟಿವಿ ಪರದೆ ಇಬ್ಬರಿಗೂ ಅರ್ಧರ್ಧ: ಅವಳ ಅರ್ಧದಲ್ಲಿ ಮಳೆ, ಅವನ ಅರ್ಧದಲ್ಲಿ ದೀಪ.

ಕೊನೆಗೆ ದೊರೆ ಅವನಿಗೆ 'ಪಟ್ಟಣದ ಬಂಧು' ಎಂಬ ಬಿರುದು ಕೊಡುವ ದಿನ ಬಂತು. ಹೆಬ್ಬಾಗಿಲಲ್ಲಿ ಕಹಳೆ ಊದುತ್ತಿದ್ದರು. ಮಚ್ಚಿನಕ್ಕ, "ನಾನೂ ನೋಡ್ಬೇಕು ಕಣ್ರೀ" ಎಂದು ರಕ್ಕಸಿಯನ್ನು ನಡೆಸಿಕೊಂಡು ಅವನ ಬೆನ್ನ ಹಿಂದೆಯೇ ಬಂದು ನಿಂತಳು. ಕಾವಲುಗಾರರು ಸುತ್ತುವರಿದು ಭರ್ಜಿ ಚಾಚಿದರು. ಅವರ ನಾಯಕ ಉದ್ದಕಿವಿಯನ್ನು ಕೇಳಿದ: ಇವಳು ಯಾರು? ಅವನ ಪರದೆಯಲ್ಲಿ ಎರಡು ಉತ್ತರ ಮೂಡಿದವು. ಒಂದು: ಇವಳು ನನ್ನವಳು. ಇನ್ನೊಂದು: ಇವಳು ಯಾರೋ ನನಗೆ ಗೊತ್ತಿಲ್ಲ.

ಒತ್ತಲು ಅವನು ಒಂದು ಕ್ಷಣವೂ ತಡಮಾಡಲಿಲ್ಲ. ಗೊತ್ತಿಲ್ಲ.

ಭರ್ಜಿಗಳು ಒಟ್ಟಿಗೇ ನುಗ್ಗಿದವು. ಹೊಟ್ಟೆಗೆ ಹೊಕ್ಕ ಭರ್ಜಿ ಹಿಡಿದೇ ರಕ್ಕಸಿ ಮುಂದೆ ನಡೆದಳು. ಒಬ್ಬನ ದವಡೆ ಕಿತ್ತಳು, ಒಬ್ಬನ ಬೆನ್ನು ಮಂಡಿಗೆ ಹಾಕಿ ಮುರಿದಳು, ಒಂದು ತೋಳು ಹೋದ ಮೇಲೆ ಉಳಿದ ತೋಳಿನಿಂದ ಮತ್ತಿಬ್ಬರ ತಲೆಗಳನ್ನು ತಾಳದಂತೆ ತಟ್ಟಿದಳು. ಕೊನೆಗೆ ಮಂಡಿಯೂರಿದಳು. ಕೊಡಲಿ ಬಿತ್ತು. ತಲೆಯನ್ನು ಹೆಬ್ಬಾಗಿಲ ಮೇಲಿನ ಶೂಲಕ್ಕೆ ಚುಚ್ಚಿದರು. ಅತ್ತ ಒಳಗೆ ಅವನಿಗೆ ಹೂಮಾಲೆ.

ಮಚ್ಚಿನಕ್ಕ ಎದ್ದು ಅಡುಗೆಮನೆಗೆ ಹೋದಳು. ಬರುವಾಗ ಕೈಯಲ್ಲಿ ಮಚ್ಚಿತ್ತು.

"ಅಜ್ಜಾ, ಕಾಪಾಡಿ!" ಎಂದು ಅವನು ನನ್ನ ಹಿಂದೆ ಹಾರಿದ. ನಾನೇ ಯಾರ ಹಿಂದೆ ಹಾರಲಿ ಎಂದು ನೋಡುತ್ತಿದ್ದೆ. ಮಚ್ಚು ಇಳಿಯಿತು. ನಡುವಿದ್ದ ಮೇಜು ಎರಡು ಹೋಳಾಗಿ, ಒಂದು ಹೋಳು ಗೋಡೆಗೆ ಬಡಿದು ನನ್ನ ಮನೆಯ ಗಡಿಯಾರ ನಿಂತುಹೋಯಿತು.

"ಬರೀ ಆಟ ಕಣೇ!" ಎಂದು ಅವನು ಚೀರಿದ.

"ಬರೀ ಆಟ ಅಲ್ವಾ? ಆಟದಲ್ಲಾದ್ರೂ ನಿಜ ಹೇಳೋಕೆ ನಿಮಗೇನು ಧಾಡಿ?"

"ಬಿರುದು ಹೋಗ್ತಿತ್ತು..."

"ವರ್ಷಾವರ್ಷ ಯಾವ ಬಿರುದು ಹೋಗ್ತಿತ್ತು? ನಿಮ್ಮ ಯಜಮಾನ್ರು ವಾರಕ್ಕೊಂದ್ಸಲ ನನ್ನ ಹತ್ರ ಮೇಕೆ ಲಿವರ್ ತಗೊಂಡು ಹೋಗ್ತಾರೆ. ನಾನ್ಯಾರು ಅಂತ ಅವರಿಗೆ ಗೊತ್ತಿಲ್ಲ. ಅವರೇ ಹೇಳಿದ್ರು, 'ನಮ್ಮಂಗ್ಡೀಲಿ ಒಬ್ಬ ಇದ್ದಾನಮ್ಮ, ಪಾಪ, ಹೆಂಡ್ತಿ ಮದುವೆ ಆದಾಗಿಂದ ಹಾಸಿಗೆ ಹಿಡಿದಿದ್ದಾಳೆ' ಅಂತ. ಆ ಪಾಪದ ಹೆಂಗ್ಸಿಗೆ ಕೊಡಿ ಅಂತ ನಾನೇ ಒಂದು ತುಂಡು ಜಾಸ್ತಿ ಹಾಕಿ ಕಳಿಸ್ದೆ. ಸಂಜೆ ನೀವು ತಂದ್ಕೊಟ್ರಿ. ನಾನೇ ಬೇಯಿಸ್ದೆ."

ಅವನ ಮುಖ ಸುಟ್ಟ ಬದನೆಕಾಯಿಯಾಯಿತು.

ಮರುದಿನ ಸಂಜೆ ಅವನೇ ಗೇಮ್ ಹಾಕಿ, ಅವಳು ಕೇಳುವ ಮೊದಲೇ ತನಗೆ ರಕ್ಕಸನನ್ನು ಆರಿಸಿಕೊಂಡ. ಅವಳು ಕುಲಗಳ ಸಾಲನ್ನೆಲ್ಲ ನಿಧಾನವಾಗಿ ನೋಡಿ, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಉದ್ದಕಿವಿಯ ಚೆಲುವೆಯನ್ನು ಆರಿಸಿದಳು. ಅವನಿಗೆ ಹಳ್ಳಿಹಳ್ಳಿಯಲ್ಲೂ ಕಲ್ಲು. ಒಂದು ಕಣ್ಣು ಹೋಯಿತು. ಕುಡಿಯುವ ನೀರಿಗೂ ಒಬ್ಬರನ್ನು ಕೊಲ್ಲಬೇಕು. "ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ ಕಣೇ" ಎಂದು ಒಮ್ಮೆ ಗೊಣಗಿದ. "ಮಾತಾಡ್ಬೇಡಿ, ಎಡಗಡೆ ಕೊಡಲಿ ಬರ್ತಿದೆ" ಎಂದಳು ಅವಳು. ಬಂತು. ಅವನ ಎರಡು ಬೆರಳು ಹೋದವು.

ಅದೇ ಹೆಬ್ಬಾಗಿಲಿಗೆ ಬಂದರು. ಮೇಲೆ ಹಳೆಯ ರಕ್ಕಸಿಯ ತಲೆ ಒಣಗುತ್ತಿತ್ತು. ಕಾವಲು ನಾಯಕ ಉದ್ದಕಿವಿಯ ಚೆಲುವೆಯನ್ನು ಕೇಳಿದ: ಇವನು ಯಾರು? ರಕ್ಕಸನ ಕುತ್ತಿಗೆಗೆ ಭರ್ಜಿಯ ಮೊನೆ ತಾಗಿತ್ತು. ಮಚ್ಚಿನಕ್ಕ ಬಟನ್ ಮೇಲೆ ಹೆಬ್ಬೆರಳಿಟ್ಟವಳು, ಗೇಮ್ ನಿಲ್ಲಿಸಿ ಎದ್ದಳು.

"ಯಜಮಾನ್ರ ಊಟ ಭಾನುವಾರ ಅಲ್ವೇನ್ರೀ? ಉಂಡು ಬಂದು ಉತ್ತರ ಹೇಳ್ತೀನಿ."

ಭಾನುವಾರದವರೆಗೆ ಟಿವಿ ಆರಿಸಲಿಲ್ಲ. ಭರ್ಜಿ ಅಲ್ಲೇ, ಕುತ್ತಿಗೆ ಅಲ್ಲೇ. ಅವನು ಅದರ ಮುಂದೆಯೇ ಉಂಡ, ಅದರ ಮುಂದೆಯೇ ಶರ್ಟಿಗೆ ಇಸ್ತ್ರಿ ಹಾಕಿದ.

ಊಟದ ಮನೆಯಲ್ಲಿ ನಡೆದದ್ದು ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದನ್ನು ಕೂಡಿಸಿಕೊಂಡು ಹೇಳುತ್ತಿದ್ದೇನೆ. ಬಾಗಿಲಲ್ಲೇ ಯಜಮಾನರು ನಿಂತಿದ್ದರು. "ಅರೆ, ಮಾಂಸದಂಗಡಿ ತಾಯಿ! ಅಡುಗೆಯವರ ಜೊತೆ ಬಂದ್ರಾ? ಹಿಂದ್ಗಡೆ ಬಾಗಿಲಿಂದ ಹೋಗಿ" ಎಂದು, ಇವನ ಕಡೆ ತಿರುಗಿ, "ನಿನಗೂ ಗೊತ್ತೇನೋ ಇವರು?" ಎಂದರು. ಕೆಲಸದವರೆಲ್ಲ ಹೆಂಡತಿ ಮಕ್ಕಳೊಂದಿಗೆ ತಿರುಗಿ ನೋಡಿದರು. ಇವನ ಹೆಬ್ಬೆರಳು ಗಾಳಿಯಲ್ಲಿ ಬಟನ್ ಹುಡುಕಿತಂತೆ. ಅದನ್ನು ಅವಳು ನೋಡಿದಳಂತೆ.

"ಇವಳು ನನ್ನ ಹೆಂಡ್ತಿ ಸಾರ್."

"ಮತ್ತೆ ಹಾಸಿಗೆ ಹಿಡಿದಿರೋಳು? ಎರಡು ಸಂಸಾರಾನೇನೋ?"

"ಅದೂ ಇವಳೇ ಸಾರ್. ಇವಳಿಗೆ ಒಂದು ದಿನ ಜ್ವರ ಬಂದಿಲ್ಲ, ಒಂದು ಸೀನು ಬಂದಿಲ್ಲ. ನಾನು ಸುಳ್ಳು ಹೇಳಿದ್ದೆ."

"ಅಯ್ಯೋ ಕಳ್ಳ! ಅವಳ ಹೆಸರಲ್ಲಿ ನೀನು ರಜ ಹಾಕ್ದಾಗೆಲ್ಲ ಗಾಜು ಒರೆಸ್ದೋನು ನಾನಲ್ಲೋ!"

ಊಟ ಹಾಕಿದರು. ಆದರೆ ಸೋಮವಾರದಿಂದ ಅವನನ್ನು ಮುಂದಿನ ಕೌಂಟರಿನಿಂದ ತೆಗೆದು, ಗಾಜು ಉಜ್ಜುವ ಹಿಂದಿನ ಕೋಣೆಗೆ ಹಾಕಿದರು. ಈಗ ಅವನ ಶರ್ಟಿನಲ್ಲಿ ಗೆರೆಯಿಲ್ಲ, ಗಾಜಿನ ಪುಡಿಯಿದೆ. ಬೆರಳ ತುಂಬ ಕೊಯ್ದ ಗಾಯ. ಅವನ ಪಕ್ಕವೂ ಬಸ್ಸಿನಲ್ಲಿ ಯಾರೂ ಕೂರುವುದಿಲ್ಲ, ಅವಳೊಬ್ಬಳನ್ನು ಬಿಟ್ಟು.

ಆ ಭಾನುವಾರ ಊಟ ಮುಗಿಸಿ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೆಟ್ಟಗೆ ಟಿವಿ ಮುಂದೆ ಕೂತಳು. ಅವನು ಆಸೆಯಿಂದ ನೋಡಿದ. ಅವಳು ಒತ್ತಿದಳು. ಗೊತ್ತಿಲ್ಲ. ಭರ್ಜಿ ಗಂಟಲು ಸೀಳಿತು, ಕೊಡಲಿ ಬಿತ್ತು, ಅವನ ತಲೆ ಅವಳ ಹಳೆಯ ತಲೆಯ ಪಕ್ಕದ ಶೂಲಕ್ಕೆ ಏರಿತು.

"ಅಯ್ಯೋ! ನಾನು ಅಲ್ಲಿ ಹೇಳ್ದೆನಲ್ಲೇ!"

"ನೋವಾಯ್ತೇನ್ರೀ?"

"ಆಯ್ತು ಕಣೇ."

"ಬರೀ ಆಟ ಕಣ್ರೀ" ಎಂದು ಅವಳು ನಕ್ಕಳು. ನನ್ನ ಮನೆಯ ಗಡಿಯಾರ ಮತ್ತೆ ಓಡತೊಡಗಿತು.

ಆಮೇಲೆ ಇಬ್ಬರೂ ರಕ್ಕಸರಾಗಿ ಹುಟ್ಟಿ, ಕಲ್ಲು ತಿಂದು, ಕೊಂದು, ಮತ್ತೆ ಆ ಕೋಟೆಗೆ ಬಂದ ಸಂಜೆ ನಾನಲ್ಲೇ ಇದ್ದೆ. ಈ ಸಲ ಯಾರೂ ಏನನ್ನೂ ಕೇಳಲಿಲ್ಲ, ಇವರೂ ಬಾಗಿಲು ತಟ್ಟಲಿಲ್ಲ, ಕಿತ್ತರು. ಕೆಳಗೆ ಅವಳು ಒಬ್ಬಳೇ ಕಾವಲುಗಾರರನ್ನು ಸೌದೆ ಸೀಳಿದಂತೆ ಸೀಳುತ್ತಿದ್ದರೆ, ಅವನು ಬಾಣಗಳನ್ನು ಬೆನ್ನಲ್ಲಿ ಮುಳ್ಳುಹಂದಿಯಂತೆ ಚುಚ್ಚಿಸಿಕೊಂಡು ಗೋಡೆ ಹತ್ತಿ, ಶೂಲದಿಂದ ಅವಳ ಹಳೆಯ ತಲೆಯನ್ನು ಮೆಲ್ಲಗೆ ಬಿಡಿಸಿಕೊಂಡ.

"ಬೇಗ ಇಳೀರಿ, ಇಲ್ಲಿ ನನ್ನ ತೋಳು ಹೋಯ್ತು! ನಿಮ್ಮ ತಲೆ ತಗೊಂಡ್ರಾ?"

"ಅದು ಅಲ್ಲೇ ಇರ್ಲಿ ಬಿಡು" ಎಂದು ಅವನು ಭರ್ಜಿಗಳ ನಡುವೆ ಕೆಳಗೆ ಹಾರಿದ.