ಎಮ್ಮೆಗೆ ನಾನು ಅಂಟಿಸಿದ ಕಣ್ಣು

ಚಿತ್ರಕಲಾ ಶಿಕ್ಷಕ ಅಂದರೆ ನಮ್ಮ ಶಾಲೆಯ ಮಟ್ಟಿಗೆ ಅಕ್ಷರ ದುಂಡಗಿರುವ ಜವಾನ. ಸಾಹೇಬರು ಬರುತ್ತಾರೆಂದರೆ ಸ್ವಾಗತದ ಬೋರ್ಡು ನಾನೇ ಬರೆಯಬೇಕು. ಪ್ರಮಾಣಪತ್ರಗಳ ಮೇಲಿನ ಹೆಸರು, ವಿಜ್ಞಾನದವರ ಕಪ್ಪೆಯ ಚಿತ್ರ, ಬಿಸಿಯೂಟದ ಕೋಣೆಯ ಗೋಡೆ ಎಲ್ಲ ನನ್ನ ಪಾಲಿಗೆ. ನನ್ನ ಪೀರಿಯಡ್ಡು ಮಾತ್ರ ಯಾರ ಪಾಠ ಮುಗಿದಿಲ್ಲವೋ ಅವರ ಪಾಲಿಗೆ. ಸಿಂಧನೂರಿನಲ್ಲಿ ಬಸ್ಸು ಹತ್ತಿ, ಮಸ್ಕಿಯಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೋದಲ್ಲಿ ಮೈ ಮುದುಡಿಕೊಂಡು ಶಾಲೆಯಿರುವ ಹಳ್ಳಿಗೆ ಹೋಗಿ ನಾನು ಇಷ್ಟು ವರ್ಷ ಮಾಡಿದ ಕಲಾಸೇವೆ ಇದು.

ಆಮೇಲೆ ಸಮನ್ವಯ ಶಿಕ್ಷಣ ಬಂತು. ಅಂಗವಿಕಲ ಮಕ್ಕಳು ಬೇರೆಯವರ ಜೊತೆ ಒಂದೇ ತರಗತಿಯಲ್ಲಿ ಕೂತು ಕಲಿಯಬೇಕು ಅನ್ನುವ ಒಳ್ಳೆಯ ಮಾತು. ನಮ್ಮ ಸ್ಟಾಫ್ ರೂಮಿನಲ್ಲಿ ಅದಕ್ಕೆ ಅರ್ಥ ಬೇರೆಯೇ ಇತ್ತು. ಎಂಟನೇ ತರಗತಿಗೆ ಕಣ್ಣು ಕಾಣದ ಹುಡುಗಿಯೊಬ್ಬಳು ಸೇರಿದಾಗ ಗಣಿತದವರು ತಮ್ಮಿಂದ ಆಗದು ಅಂದರು, ಇಂಗ್ಲಿಷಿನವರು ತರಬೇತಿ ಆಗಿಲ್ಲ ಅಂದರು. ಹೆಡ್‌ಮಾಸ್ತರರು ನನ್ನತ್ತ ತಿರುಗಿದರು.

"ನಿಮ್ದೇನ್ ಪೋರ್ಶನ್ ಮುಗ್ಸೋದೈತಿ ರೀ ಮಾಸ್ತರ? ನಿಮ್ ಹಂತ್ಯಾಕ ಕುಂದ್ರಿಸ್ಕೊಳ್ರಿ."

ಕಣ್ಣು ಕಾಣದವಳನ್ನು ಚಿತ್ರ ಬರೆಯಲು ಕಳಿಸಿದರು. ಆ ಬುದ್ಧಿವಂತಿಕೆಗೆ ನಾನೂ ಸ್ಟಾಫ್ ರೂಮಿನಲ್ಲಿ ನಕ್ಕೆ. ನಕ್ಕವರಲ್ಲಿ ನಾನೂ ಒಬ್ಬ ಎಂದು ಇಲ್ಲಿ ಬರೆದಿಡಬೇಕು.

ಸಿಂಧನೂರಿನಲ್ಲಿ ನಮ್ಮ ಮನೆ ಅಕ್ಕಿ ಗಿರಣಿಯ ಹಿಂದಿದೆ. ಚೀಲದ ಬಾಯಿ ಹೊಲಿಯುವ ದಪ್ಪ ದಾರ ಅಲ್ಲಿ ನೆಲದ ತುಂಬ ಬಿದ್ದಿರುತ್ತದೆ. ಒಂದು ಹಿಡಿ ತಂದು, ಗೋಂದು ಮತ್ತು ರಟ್ಟಿನ ಜೊತೆ ಅವಳ ಮುಂದಿಟ್ಟೆ. ಕೈಗೆ ಕೆಲಸವಾದರೂ ಇರಲಿ ಅಂತ, ಅಷ್ಟೆ. ಅವಳು ದಾರವನ್ನು ಬೆರಳಲ್ಲಿ ಉಜ್ಜಿ ನೋಡಿ, ತಮ್ಮ ಮನೆಯ ಎಮ್ಮೆಯನ್ನು ಮಾಡುತ್ತೇನೆ ಅಂದಳು.

"ನಿನಗ ಚಿತ್ರ ಹೆಂಗ ಬರ್ತೈತಿ ಅಂತಾಳ್ರಿ ನಮ್ಮವ್ವ. ನಾ ಏನೂ ಹೇಳಂಗಿಲ್ಲ. ನೋಡಿದ ಕೂಡ್ಲೆ ಆಕಿ ತಾನಾ ಇದು ನಮ್ ಎಮ್ಮಿ ಅನ್ಬೇಕ್ರಿ."

ಅದಕ್ಕೇ ಅವಳು ರಟ್ಟನ್ನು ಮನೆಗೆ ಒಯ್ಯುತ್ತಿರಲಿಲ್ಲ. ಸಂಜೆ ಗಂಟೆ ಹೊಡೆದಾಗ ನನ್ನ ಕೈಗೆ ಕೊಟ್ಟು, ಅಲಮಾರಿಗೆ ಬೀಗ ಹಾಕಿದ ಸದ್ದು ಕೇಳಿಸಿಕೊಂಡು ಹೋಗುತ್ತಿದ್ದಳು.

ಮೂರು ವಾರ ಹಿಡಿಯಿತು. ಎಮ್ಮೆಯ ಮೂಗು ಮೊರದಷ್ಟಾಯಿತು, ಹಿಂಭಾಗ ಅಂಗೈಯಷ್ಟು. ಒಂದು ಕೋಡು ಮೇಲೆದ್ದಿತ್ತು, ಇನ್ನೊಂದು ಜೋತುಬಿದ್ದು ಕಿವಿಯ ಕೆಳಗೆ ಇಳಿದಿತ್ತು. ಕಣ್ಣೇ ಇರಲಿಲ್ಲ. ಯಾಕೆಂದು ಕೇಳಿದೆ.

"ಕಣ್ಣಿಗೆ ಕೈ ಹಚ್ಚಾಕ ಬಿಡಂಗಿಲ್ರಿ ಅದು. ಗೊತ್ತಿಲ್ಲದ್ದು ಹೆಂಗ ಹಚ್ಚಲಿ?"

ಕೋಡಿನ ವಿಷಯ ಮಾತ್ರ ನಾನು ಕೇಳಲಿಲ್ಲ. ಪಾಪ, ಕಾಣದವಳು, ತಪ್ಪಿದ್ದಾಳೆ ಅಂದುಕೊಂಡೆ.

ಅಷ್ಟರಲ್ಲಿ ಲಿಂಗಸುಗೂರಿನಲ್ಲಿ ಕಲಾ ಶಿಕ್ಷಕರಿಗೆ ಸಮನ್ವಯ ಶಿಕ್ಷಣದ ತರಬೇತಿ, ಜೊತೆಗೆ ಇಂಥ ಮಕ್ಕಳ ಚಿತ್ರಗಳ ಪ್ರದರ್ಶನ ಎಂದು ಆದೇಶ ಬಂತು. ಮಗು, ಪಾಲಕರು, ಚಿತ್ರ, ಮೂರೂ ಬರಬೇಕು. ಹೆಡ್‌ಮಾಸ್ತರರು ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದೇನ್ರಿ, ಹಂದಿನೋ ಎಮ್ಮಿನೋ? ಸಾಹೇಬ್ರ ಮುಂದ ಸಾಲಿ ಮರ್ಯಾದಿ ಹೋಗ್ತೈತಿ. ಒಂಚೂರು ನೀಟ್ ಮಾಡ್ರಿ."

ಈ 'ನೀಟ್ ಮಾಡುವುದು' ನಮ್ಮ ಕಸುಬಿನ ಹಳೆಯ ಪದ್ಧತಿ. ಪ್ರದರ್ಶನಕ್ಕೆ ಹೋಗುವ ಯಾವ ಮಗುವಿನ ಚಿತ್ರದ ಮೇಲೂ ಮಾಸ್ತರನ ಕೈ ಆಡದೆ ಇರುವುದಿಲ್ಲ. ತೀರ್ಪುಗಾರರೂ ಮಾಸ್ತರರೇ, ಅವರಿಗೂ ಗೊತ್ತು. ಮಾಸ್ತರನ ಕೈಗೆ ಬಹುಮಾನ, ಮಗುವಿಗೆ ಚಪ್ಪಾಳೆ. ರಟ್ಟನ್ನು ಮನೆಗೆ ತಂದು, ಭಾನುವಾರ ಚಹಾ ಕುಡಿಯುತ್ತ ನಾನೂ ಕೂತೆ. ಮೂಗು ಕೊಯ್ದು ಸಣ್ಣದು ಮಾಡಿದೆ. ಜೋತುಬಿದ್ದ ಕೋಡನ್ನು ಕಿತ್ತು, ಇನ್ನೊಂದಕ್ಕೆ ಜೋಡಿಯಾಗುವಂತೆ ಎತ್ತಿ ಅಂಟಿಸಿದೆ. ಹಳೇ ಕೋಟಿನಿಂದ ಎರಡು ಕಪ್ಪು ಗುಂಡಿ ಕತ್ತರಿಸಿ ಕಣ್ಣು ಮಾಡಿದೆ. ಬೇಸರದಿಂದ ಮಾಡಿದೆನೆಂದರೆ ಸುಳ್ಳಾಗುತ್ತದೆ. ದೂರ ಹಿಡಿದು ನೋಡಿ, ಈಗ ಎಮ್ಮೆಯಾಯಿತು ಅಂತ ಖುಷಿಪಟ್ಟೆ. ಪೇಪರಿನಲ್ಲಿ ಸುತ್ತಿ ಸೋಮವಾರ ನೇರ ಲಿಂಗಸುಗೂರಿಗೆ ಒಯ್ದೆ.

ಅಲ್ಲಿ ತರಗತಿಗೆ ಕಾಲಿಟ್ಟು ಯಾವ ಕಾಲವಾಯಿತೋ ಗೊತ್ತಿಲ್ಲದ ತರಬೇತುದಾರರೊಬ್ಬರು, ಪ್ರತಿ ಮಗುವಿನ ಅಭಿವ್ಯಕ್ತಿಯನ್ನು ಗೌರವಿಸಿ ಅಂತ ಗೋಡೆಯ ಮೇಲೆ ಬಿದ್ದ ಪ್ರೊಜೆಕ್ಟರಿನ ಬೆಳಕನ್ನು ನೋಡಿ ಓದಿದರು. ನಾವು ತಲೆಯಾಡಿಸಿದೆವು. ಮಧ್ಯಾಹ್ನ ನಮ್ಮ ಎಮ್ಮೆಗೆ ಮೊದಲ ಬಹುಮಾನ ಬಂತು. "ಕಣ್ಣು ಕಾಣದ ಮಗು ಎಂಥಾ ಕಣ್ಣು ಮಾಡಿದೆ ನೋಡಿ!" ಅಂತ ಒಬ್ಬ ಸಾಹೇಬರು ಗದ್ಗದಿತರಾದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಊಟದ ಹೊತ್ತಿಗೆ ಹುಡುಗಿ ತಾಯಿಯ ಕೈ ಹಿಡಿದು ಚಿತ್ರಗಳ ಸಾಲಿಗೆ ಬಂದಳು. ಇಬ್ಬರೂ ಅಲ್ಲಿಯವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು, ಒಳಗೆ ಯಾರಿಗೆ ಯಾವ ಬಹುಮಾನ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಎಮ್ಮೆ ಎಲ್ಲಿದೆ ಅಂತ ಹುಡುಗಿ ನನ್ನನ್ನು ಕೇಳಿದಳು. ಕರೆದೊಯ್ದು ನಿಲ್ಲಿಸಿದೆ.

"ನೋಡವ್ವ. ಯಾರ ಎಮ್ಮಿ ಇದು?"

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಚೆನ್ನಾಗಿ ನೋಡಿದಳು. "ನನಗೇನ್ ಗೊತ್ತವ. ಯಾರೋ ಸಾವ್ಕಾರ್ರ ಮನೀದು ಇರ್ಬೇಕು. ಭಾಳ ಚೆಂದ ಐತಿ."

ಹುಡುಗಿ ನಕ್ಕಳು. ತಾಯಿ ಆಟ ಆಡಿಸುತ್ತಿದ್ದಾಳೆ ಅಂದುಕೊಂಡಳು. "ಕೋಡು ನೋಡವ್ವ, ಕೋಡು!"

"ನೋಡಾಕತ್ತೀನಲ್ಲ. ಎರಡೂ ಸೆಟದು ನಿಂತಾವ. ನಮ್ಮದರಂಗ ಒಂದು ಕಿವಿ ಕೆಳಗ ಇಳದಿಲ್ಲ."

ಹುಡುಗಿ ಕೈ ಚಾಚಿದಳು. ಬೆರಳು ಕೋಡಿನ ಮೇಲೆ ಹೋಯಿತು, ಮೂಗಿನ ಮೇಲೆ ಬಂತು, ಗುಂಡಿಯ ಮೇಲೆ ನಿಂತಿತು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ನಾನು ಮಾಡಿದ್ದು ಅಂತ ಹೇಳಲು ಆ ಗಳಿಗೆಗಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಪಕ್ಕದ ಚಿತ್ರ ನೋಡುತ್ತ ನಿಂತೆ.

"ಮತ್ತ ನಿಂದು ಎಲ್ಲೈತಿ?" ಅಂದಳು ತಾಯಿ.

"ನಂದು ತಂದಿಲ್ಲವ್ವ."

ಸಂಜೆ ಹಾಜರಿ ಪತ್ರದ ಜೊತೆ ನಮಗೊಂದು ಫಾರ್ಮು ಹಂಚಿದರು. 'ಸಮನ್ವಯ ಶಿಕ್ಷಣದಲ್ಲಿ ಕಲಾ ಶಿಕ್ಷಕರಾಗಿ ನಿಮ್ಮ ವೃತ್ತಿತೃಪ್ತಿ' ಅಂತ ತಲೆಬರಹ, ಕೆಳಗೆ ಚೌಕಗಳ ಸಾಲು. ಪಕ್ಕದ ಮಾಸ್ತರರು "ಎಲ್ಲಾ ಪೂರ್ಣ ತೃಪ್ತಿ ಅಂತ ಟಿಕ್ ಹೊಡದು ಕೊಡ್ರಿ, ಬಸ್ಸಿಗೆ ಟೈಮಾತು" ಅಂದರು. ನಾನು ಹಾಗೇ ಹೊಡೆದೆ. ಗೆರೆ ಎಲ್ಲ ನೀಟಾಗಿಯೇ ಬಂದವು.

ಮರುದಿನ ಬಹುಮಾನದ ಎಮ್ಮೆ ಹೆಡ್‌ಮಾಸ್ತರರ ಕೋಣೆಯಲ್ಲಿ ಗಾಜಿನ ಹಿಂದೆ ಹೋಗಿ ಕೂತಿತು. ನಾನು ಹೊಸ ರಟ್ಟು, ಹೊಸ ದಾರ ತಂದು ಹುಡುಗಿಯ ಮುಂದಿಟ್ಟು, "ತಪ್ಪಾತವ. ಇನ್ನೊಂದು ಮಾಡು, ನಾ ಕೈ ಹಚ್ಚಂಗಿಲ್ಲ" ಅಂದೆ. ಅವಳು ದಾರ ಉಜ್ಜಿ ನೋಡಿ, ಜೋತುಬಿದ್ದ ಕೋಡಿನಿಂದಲೇ ಶುರು ಮಾಡಿದಳು.

ಗಂಟೆ ಹೊಡೆಯಿತು. ಅಲಮಾರಿಯ ಬೀಗ ತೆಗೆದು ರಟ್ಟಿಗಾಗಿ ಕೈ ಚಾಚಿದೆ. ಅವಳು ಅದನ್ನು ಎದೆಗೆ ಒತ್ತಿ ಹಿಡಿದು ಎದ್ದಳು.

"ಬ್ಯಾಡ್ರಿ ಸರ. ಅವ್ವ ನೋಡಿದ್ರ ನೋಡ್ಲಿ. ನಾನಾ ಒಯ್ತೀನಿ."