ಪಕ್ಕದ ಮನೆಯ ಕಣಗಿಲೆ ಪತಂಗ

ಪಕ್ಕದ ಮನೆಯಾಕೆಗೆ ಪತಂಗದ ಹುಚ್ಚು ಹಿಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗಿರಿನಗರದ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಅದು ಅವಳದೇ ಹುಚ್ಚು ಎನ್ನುತ್ತಿದ್ದರು. ಚಿಟ್ಟೆ ಬೇರೆ ಪತಂಗ ಬೇರೆ, ಹಾಕ್ ಮಾತ್ ಎಂಬ ದೊಡ್ಡ ಪತಂಗಗಳು ಹೂವಿನ ಮೇಲೆ ಕೂರುವುದೇ ಇಲ್ಲ, ಗಾಳಿಯಲ್ಲಿ ನಿಂತುಕೊಂಡೇ ಉದ್ದನೆಯ ಸೊಂಡಿಲು ಇಳಿಸಿ ಮಕರಂದ ಹೀರುತ್ತವೆ ಎಂದೆಲ್ಲ ಕಾಂಪೌಂಡ್ ಗೋಡೆಯ ಈಚೆ ನಿಂತು ಹೇಳಿಕೊಟ್ಟವಳು ನಾನು. ಅವಳು ಆಚೆ ಕಡೆ ಬಟ್ಟೆ ಹಿಂಡುತ್ತಾ, "ಹೌದೇನ್ರೀ? ನಾನು ಎಲ್ಲಾನೂ ಚಿಟ್ಟೆ ಅಂದ್ಕೊಂಡಿದ್ದೆ" ಎಂದಿದ್ದಳು. ಅಷ್ಟೇ ಅವಳ ಜ್ಞಾನ.

ಎರಡು ಸಾವಿರದ ಇಸವಿ ದಾಟಿದ ಹೊಸದು. ನಾನು ಜಯನಗರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಯಜಮಾನರ ಹಳೆಯ ರೀಲ್ ಕ್ಯಾಮೆರಾ ನನ್ನ ಪಾಲಿಗೆ ಬಂದಿತ್ತು. ಲೈಬ್ರರಿಯಿಂದ ಪುಸ್ತಕ ತಂದು, ರೆಕ್ಕೆಯ ಪಟ್ಟೆ, ಹೊಟ್ಟೆಯ ಗೆರೆ, ಮೀಸೆಯ ಆಕಾರ ನೋಡಿ ಪತಂಗ ಗುರುತಿಸುವುದನ್ನು ಒಬ್ಬಳೇ ಕಲಿತೆ. ನನಗೆ ಬೇಕಾಗಿದ್ದುದು ಒಂದೇ ಒಂದು ಫೋಟೊ. ಓಲಿಯಾಂಡರ್ ಹಾಕ್ ಮಾತ್ ಅಂತ ಒಂದು ಪತಂಗವಿದೆ, ನಾನದನ್ನು ಕಣಗಿಲೆ ಪತಂಗ ಎಂದು ಕರೆಯುತ್ತಿದ್ದೆ. ಮೈತುಂಬ ಹಸಿರು, ಆ ಹಸಿರಿನ ಮಧ್ಯೆ ತಿಳಿಗುಲಾಬಿ, ಬಿಳಿ ಗೆರೆ. ಅದು ನನ್ನ ಕೈತೋಟದಲ್ಲಿ, ನನ್ನ ಹೂವಿನಿಂದ ಮಕರಂದ ಹೀರುತ್ತಿರುವ ಸ್ಪಷ್ಟವಾದ ಒಂದು ಚಿತ್ರ. ಇ-ಮೇಲ್ ಮೂಲಕ ಪತಂಗದವರ ಒಂದು ಗುಂಪಿತ್ತು. ಅಲ್ಲಿನ ಹಿರಿಯರೊಬ್ಬರು ಅದನ್ನು ನೋಡಿ "ಸರಿಯಾಗಿ ಗುರುತಿಸಿದ್ದೀರಿ" ಅನ್ನಬೇಕು. ಹೆಚ್ಚೇನೂ ಕೇಳಿರಲಿಲ್ಲ ನಾನು.

ಆದರೆ ನಮ್ಮ ಮನೆಯಲ್ಲಿ ಹೂವು ಅರಳುವ ಪದ್ಧತಿಯೇ ಇರಲಿಲ್ಲ. ತಿಪಟೂರು ಕಡೆಯ ನಮ್ಮ ಅತ್ತೆಯದು ನಿತ್ಯ ಶಿವಪೂಜೆ. ಸಂಜೆ ಐದಾಯಿತೆಂದರೆ ಬೆತ್ತದ ಬುಟ್ಟಿ ಹಿಡಿದು ಹೊರಡುವರು. ನಂದಿಬಟ್ಟಲು, ಜಾಜಿ, ಮಲ್ಲಿಗೆ ಎಲ್ಲವನ್ನೂ ಮೊಗ್ಗಿನಲ್ಲೇ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವರು. ಬೆಳಿಗ್ಗೆ ಅವು ದೇವರ ಮನೆಯಲ್ಲೇ ಅರಳುತ್ತಿದ್ದವು. ಗೋಧೂಳಿಯ ಹೊತ್ತಿಗೆ ಕ್ಯಾಮೆರಾ ಹಿಡಿದು ಹೋದರೆ ನನಗೆ ಕಾಣುತ್ತಿದ್ದುದು ಬರೀ ಎಲೆ.

"ಅತ್ತೆ, ಒಂದೇ ಒಂದು ಕೊಂಬೆ ಬಿಡಿ. ಪತಂಗ ಬರ್ಲಿ" ಅಂತ ಎಷ್ಟೋ ಸಲ ಗೋಗರೆದಿದ್ದೇನೆ.

"ದೇವ್ರಿಗೆ ಸಾಲ್ದಿರೋ ಹೂವು ಹುಳಕ್ಕಾ? ಚೆನ್ನಾಗ್ ಹೇಳ್ದೆ ಕಣಮ್ಮ" ಎಂದು ಅವರು ಕೈಗೆಟುಕದ ಕೊಂಬೆಯನ್ನೂ ಕೊಕ್ಕೆ ಹಾಕಿ ಬಗ್ಗಿಸುತ್ತಿದ್ದರು.

ಪಕ್ಕದ ಮನೆಯಾಕೆ ದೇವರಿಗೆ ಹೂವನ್ನು ಗಾಂಧಿಬಜಾರಿನಿಂದ ತರುವವಳು. ತೋಟದ ಹೂವೆಲ್ಲ ಗಿಡದಲ್ಲೇ ಅರಳಿ ಗಿಡದಲ್ಲೇ ಬಾಡುತ್ತಿದ್ದವು. ಗೋಡೆಯುದ್ದಕ್ಕೂ ಸಂಜೆಮಲ್ಲಿಗೆ, ಅದೂ ತಾನಾಗಿಯೇ ಬಿದ್ದು ಹುಟ್ಟಿದ್ದು. ಅದರ ಮೇಲೆ ಅವಳ ಮೈದುನ ಸಿಂಗಪುರದಿಂದ ಡಿಜಿಟಲ್ ಕ್ಯಾಮೆರಾ ಬೇರೆ ತಂದುಕೊಟ್ಟ. ಕೊಟ್ಟ ವಾರವೇ ಅವಳು ಗೋಡೆಯ ಹತ್ತಿರ ಬಂದು, "ಇದ್ಯಾವ್ದು ಸ್ವಲ್ಪ ನೋಡಿ ಹೇಳ್ರೀ, ನಿಮಗೆ ಗೊತ್ತಾಗತ್ತೆ" ಎಂದು ಕ್ಯಾಮೆರಾ ಚಾಚಿದಳು.

ಬೆಂಕಿಪೊಟ್ಟಣದಗಲದ ಪರದೆಯಲ್ಲಿ ನನ್ನ ಕಣಗಿಲೆ ಪತಂಗ. ಗುಲಾಬಿ ಸಂಜೆಮಲ್ಲಿಗೆಯ ಮುಂದೆ ಗಾಳಿಯಲ್ಲಿ ನಿಂತಿತ್ತು. ಸೊಂಡಿಲು ಹೂವಿನೊಳಗೆ ಇಳಿದಿದ್ದು ಕೂಡ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಗೊತ್ತಿದ್ದೂ ಗೊತ್ತಿಲ್ಲ ಅನ್ನುವುದು ನನ್ನ ಜಂಬಕ್ಕೆ ಒಗ್ಗಲಿಲ್ಲ. ಹೆಸರು, ಕುಲ, ಗೋತ್ರ ಎಲ್ಲ ಹೇಳಿದೆ, ಗುಂಪಿನ ವಿಳಾಸವನ್ನೂ ಕೊಟ್ಟೆ. ಅವಳು ಅದನ್ನು ಹಾಗೆಯೇ ಬರೆದು ಗುಂಪಿಗೆ ಕಳಿಸಿದಳು. "ಅಪರೂಪದ ಚಿತ್ರ, ಸರಿಯಾಗಿ ಗುರುತಿಸಿದ್ದೀರಿ" ಎಂದು ಹಿರಿಯರ ಉತ್ತರ ಬಂತು. ನಾನು ಬೀದಿ ದೀಪದಡಿ ಒದ್ದಾಡಿ ತೆಗೆದು, ರೀಲು ತೊಳೆಸಿ, ಬನಶಂಕರಿಯ ಸೈಬರ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದ ಬೂದು ಪತಂಗಕ್ಕೆ ಅದೇ ಹಿರಿಯರು "ಚಿತ್ರ ಅಲುಗಿದೆ, ಹೇಳಲಾಗದು" ಎಂದು ಬರೆದಿದ್ದರು.

ಸಂಜೆಮಲ್ಲಿಗೆಯ ಬೀಜ ಕೊಡಿ ಎಂದು ಅವಳನ್ನು ಕೇಳಲು ನಾಲಿಗೆ ಏಳಲಿಲ್ಲ. ಅವಳ ಗೇಟಿನ ಹೊರಗೆ ಉದುರಿದ್ದ, ಕರಿಮೆಣಸಿನಂಥ ಬೀಜಗಳನ್ನು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ಆರಿಸಿಕೊಂಡು ಬಂದೆ. ಗಿಡ ಬಂತು, ಮೊಗ್ಗೂ ಬಂತು. ಈ ಹೂವನ್ನು ಅತ್ತೆ ಮುಟ್ಟಲಿಕ್ಕಿಲ್ಲ ಎಂದುಕೊಂಡಿದ್ದೆ. ಆಫೀಸಿನಿಂದ ಬಂದು ನೋಡಿದರೆ ಅವರು ಜಗುಲಿಯ ಮೇಲೆ ಕೂತು ಅದರ ತೊಟ್ಟುಗಳನ್ನು ಜಡೆಯಂತೆ ಹೆಣೆಯುತ್ತಿದ್ದರು. "ಬಣ್ಣ ಎಷ್ಟ್ ಚೆನ್ನಾಗಿದೆ ನೋಡು, ನಂದಿಗೆ ಹಾಕೋಣ" ಎಂದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡುತ್ತಾ ತೊಳೆದೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹುಳುಗಳ ಫೋಟೊ ಶುರುಮಾಡಿದ್ದಳು. ಕಣಗಿಲೆ ಪತಂಗದ ಮರಿಹುಳು ನಂದಿಬಟ್ಟಲಿನ ಎಲೆ ತಿಂದು ಬೆಳೆಯುತ್ತದೆ. ಬೆರಳು ಗಾತ್ರದ ಹಸಿರು ಹುಳು, ತಲೆಯ ಹತ್ತಿರ ಎರಡು ನೀಲಿ ಕಣ್ಣಿನ ಬೊಟ್ಟು, ಬಾಲದಲ್ಲಿ ಪುಟ್ಟ ಕೊಂಬು. ಅವಳ ಹತ್ತಿರ ಇದ್ದುದು ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಬಡಕಲು ಗಿಡ. ಅದರಲ್ಲಿ ಕೊಂಬೆಗೊಂದು ಹುಳು. ನಮ್ಮದು ಮಾಡಿನೆತ್ತರ ಬೆಳೆದ ನಂದಿಬಟ್ಟಲು, ಒಂದು ಹುಳುವೂ ಇಲ್ಲ. ಭಾನುವಾರ ಸ್ಟೂಲ್ ಹತ್ತಿ ಎಲೆ ಎಲೆ ತಿರುವಿ ನೋಡುತ್ತಿದ್ದೆ. ಎಲೆಯನ್ನು ಯಾರೋ ಕಡಿದ ಗುರುತಿತ್ತು, ಕಡಿದವರು ಇರಲಿಲ್ಲ. ಪಿಕಳಾರಗಳು ತಿಂದಿರಬೇಕು ಎಂದು ಆ ಹಕ್ಕಿಗಳನ್ನು ಬಾಯಿಗೆ ಬಂದಂತೆ ಬೈದೆ. ಪತಂಗಕ್ಕೂ ಪಕ್ಷಪಾತವೇ ಅನ್ನಿಸಿ ಅಳು ಬರುತ್ತಿತ್ತು.

ಗೌರಿ ಹಬ್ಬಕ್ಕೆ ಅವಳು ನನ್ನನ್ನೂ ಅತ್ತೆಯನ್ನೂ ಕುಂಕುಮಕ್ಕೆ ಕರೆದಳು. ಹಾಲಿಗೆ ಕಾಲಿಟ್ಟರೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ಆ ಫೋಟೊ, ಟಿವಿಯಷ್ಟು ದೊಡ್ಡದು. ಪಕ್ಕದಲ್ಲಿ ಮರಿಹುಳುವಿನದು. ಬಂದ ಹೆಂಗಸರೆಲ್ಲ ಅದರ ಮುಂದೆ ನಿಂತು "ಸಖತ್ತಾಗಿದೆ ರೀ" ಅನ್ನುವವರೇ. ಅತ್ತೆ ಕನ್ನಡಕ ಏರಿಸಿಕೊಂಡು ಮರಿಹುಳುವಿನ ಹತ್ತಿರ ಹೋದರು.

"ಅಯ್ಯೋ, ಇದು ನಮ್ಮನೇದು!" ಎಂದರು.

ಎಲ್ಲರೂ ಅವರತ್ತ ತಿರುಗಿದರು.

"ಹೂ ಬಿಡಿಸುವಾಗ ಸಿಗ್ತಿತ್ತು ಕಣಮ್ಮ. ಪೂಜೆ ಹೂವಿನ ಗಿಡ, ಹಂಗಂತ ಜೀವ ತೆಗೆಯಕ್ಕಾಗತ್ತಾ? ಎಲೆ ಸಮೇತ ಕಿತ್ತು ಗೋಡೆ ಮೇಲಿಂದ ಈ ಯಮ್ಮನ ಗಿಡಕ್ಕೆ ಬಿಡ್ತಿದ್ದೆ. ಇವ್ರು ಹೆಂಗೂ ಪೂಜೆಗೆ ಹೂ ಕೀಳಲ್ಲವಲ್ಲ, ತಿಂದ್ಕೊಳ್ಳಲಿ ಅಂತ."

ಪಕ್ಕದ ಮನೆಯಾಕೆ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. "ಅಮ್ಮಾ, ಅದಕ್ಕೇ ನನ್ನ ಗಿಡದಲ್ಲಿ ಅಷ್ಟೊಂದು! ನಾನು ನನ್ನ ಅದೃಷ್ಟ ಅಂದ್ಕೊಂಡಿದ್ನಲ್ಲ" ಎಂದು ನಕ್ಕಳು. ಎಲ್ಲರೂ ನಕ್ಕರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ನಾನು ಅರಿಶಿನ ಕುಂಕುಮ ತೆಗೆದುಕೊಂಡೆ, ಕೋಸಂಬರಿ ತಿಂದೆ, ಅದಕ್ಕೆ ಉಪ್ಪಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಅವಳು ಈ ವಿಷಯವನ್ನು ಗುಂಪಿಗೆ ಬರೆದಳು. ಹಿರಿಯರಿಂದ ಉದ್ದನೆಯ ಉತ್ತರ ಬಂತು, ಕೊನೆಯಲ್ಲಿ "ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ" ಎಂದಿತ್ತು. ಎಷ್ಟೋ ರೀಲು ಸುಟ್ಟ ನನಗೆ ಅವರು ಒಂದು ಸಾಲಿಗಿಂತ ಹೆಚ್ಚು ಬರೆದಿರಲಿಲ್ಲ. ಅವಳು ಉತ್ತರವನ್ನು ಪ್ರಿಂಟ್ ತೆಗೆಸಿ, ಪತಂಗದ ಫೋಟೊದ ಒಂದು ಚಿಕ್ಕ ಪ್ರತಿಯನ್ನೂ ಕಟ್ಟು ಹಾಕಿಸಿ ಅತ್ತೆಗೆ ತಂದುಕೊಟ್ಟಳು. ಇಂಗ್ಲಿಷಿನಲ್ಲಿದ್ದ ಆ ಹೊಗಳಿಕೆಯನ್ನು ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನದಾಯಿತು. ಅತ್ತೆ ಎರಡು ಸಲ ಓದಿಸಿದರು. ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚು ಗೋಡೆಯ ಆಚೆಗಿತ್ತು, ಅವತ್ತು ಒಳಗೆ ಬಂದು ಅತ್ತೆಯ ಪಕ್ಕದಲ್ಲೇ ಕೂತಿತು.

ಮರುದಿನ ಬೆಳಿಗ್ಗೆ ದೀಪ ಹಚ್ಚಲು ದೇವರ ಮನೆಗೆ ಹೋದೆ. ಶಿವನ ಪಟದ ಮಗ್ಗುಲಲ್ಲಿ ಪತಂಗದ ಫೋಟೊ. ಅದರ ಕಟ್ಟಿನ ಮೇಲೆ, ಆಗತಾನೇ ಅರಳಿದ ನಮ್ಮ ಗಿಡದ ನಂದಿಬಟ್ಟಲು.

"ಹುಳಕ್ಕೆ ಹೂವಾ ಅತ್ತೆ?" ಎಂದೆ.

"ನೀನೇ ತಾನೇ, ಪತಂಗಕ್ಕೆ ಹೂ ಬಿಡಿ ಅಂತ ಬಡ್ಕೊಂಡಿದ್ದು?" ಎಂದರು ಅವರು, ವಿಭೂತಿ ಹಚ್ಚಿಕೊಳ್ಳುತ್ತಾ.

ಫೋಟೊದ ಕೆಳಗಿನ ಮೂಲೆಯಲ್ಲಿ ಪಕ್ಕದ ಮನೆಯಾಕೆಯ ಹೆಸರು ಸಣ್ಣಗೆ ಅಚ್ಚಾಗಿತ್ತು. ಅತ್ತೆ ಆಚೆ ಹೋಗುವವರೆಗೆ ಕಾದೆ. ಹೂವನ್ನು ಮೇಲಿನಿಂದ ತೆಗೆದು ಆ ಮೂಲೆಗೆ, ಹೆಸರು ಕಾಣದ ಹಾಗೆ ಸಿಕ್ಕಿಸಿ ಆಫೀಸಿಗೆ ಹೊರಟೆ.