ಚುಕ್ಕಿಗಳನ್ನು ಹಾಡುವುದು ಹೇಗೆ?

೨೦೧೯ರ ಜನವರಿ ೧೭, ಗುರುವಾರ. ಆಧಾರ: ನನ್ನ ದಿನಚರಿ; ಎಸೆಯದೆ ಇಟ್ಟುಕೊಂಡಿರುವ ಆ ವರ್ಷದ ಕ್ಯಾಲೆಂಡರಿನೊಡನೆ ವಾರವನ್ನೂ ತಾಳೆ ನೋಡಿದ್ದೇನೆ. ಅಂದು ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ಕುಳಿತು, ನಿವೃತ್ತ ಶಾಸನ ಸಂಶೋಧಕನಾದ ನಾನು ಜರ್ಮನ್ ರಾಕ್ ಸಂಗೀತಕ್ಕೆ ಕಾಲು ಕುಣಿಸಿದೆ. ಇಂಥದ್ದನ್ನು ತಾರೀಖಿಲ್ಲದೆ ಒಪ್ಪಿಕೊಳ್ಳುವುದು ನನ್ನ ವೃತ್ತಿಗೆ ಸಲ್ಲದು.

ಕೇಳಿಸಿದವಳು ಶಾಸನಗಳನ್ನು ನೋಡಲು ಬಂದಿದ್ದ ಜರ್ಮನ್ ವಿದ್ಯಾರ್ಥಿನಿ. ಅವಳ ಕಡೆಯ ಜನಪದ ರಾಕ್ ತಂಡವೊಂದು ಎಂಟುನೂರು ವರ್ಷ ಹಿಂದಿನ ಪ್ರೇಮಕವಿತೆಗಳನ್ನು ಹಾಡುತ್ತದಂತೆ. ಗಾಳಿಚೀಲದ ವಾದ್ಯವೊಂದು ನಮ್ಮ ಶ್ರುತಿಪೆಟ್ಟಿಗೆಯಂತೆ ಎಳೆದ ಸ್ವರ ಹಿಡಿದಿತ್ತು. ಅದರ ಬೆನ್ನಿಗೇ ಗಿಟಾರು, ಸಂಡೂರಿನ ಅದಿರು ಲಾರಿ ಘಟ್ಟ ಇಳಿದಂತೆ ನುಗ್ಗಿತು. ಧಾಟಿಗೆ ಏನು ಆಧಾರ ಎಂದು ಕೇಳಿದೆ. ಮಾತು ಹಸ್ತಪ್ರತಿಯಲ್ಲಿ ಉಳಿದಿದೆ, ಧಾಟಿ ಕಳೆದುಹೋಗಿದೆ, ಇದು ತಂಡದವರೇ ಕಟ್ಟಿದ್ದು ಎಂದಳು, ಯಾವ ಅಳುಕೂ ಇಲ್ಲದೆ. ಮನೆಗೆ ಬಂದು ಪರಿಶೀಲಿಸಿದೆ: ಆ ಹಸ್ತಪ್ರತಿಯೂ ಕವಿ ತೀರಿಕೊಂಡು ಎಷ್ಟೋ ದಶಕಗಳಾದ ಮೇಲಿನದು! ಆದರೂ ಕಾಲು ಕುಣಿದಿತ್ತು. ಅದು ನನ್ನನ್ನು ಕಾಡಿತು. ಏಕೆಂದರೆ ಇದೇ ತಪ್ಪನ್ನು ಎತ್ತಿ ತೋರಿಸಿ ನಾನೊಬ್ಬ ಗೆಳೆಯನನ್ನು ಕಳೆದುಕೊಂಡಿದ್ದೆ.

ಚಿತ್ತವಾಡ್ಗಿಯಲ್ಲಿ ಅಕ್ಕಿ ಅಂಗಡಿ ಇಟ್ಟಿರುವ ಹಾಲಪ್ಪನವರು ವಚನಗಳಿಗೆ ತಾವೇ ಧಾಟಿ ಕಟ್ಟಿ, ಹಾರ್ಮೋನಿಯಂ ಹಿಡಿದು ಹಾಡುತ್ತಿದ್ದವರು. ಹಂಪಿಯ ಆ ದಿನಕ್ಕೆ ಮೂರು ವರ್ಷ ಹಿಂದೆ, ಅವರ ಮನೆಯ ಸೋಮವಾರದ ಭಜನೆಯಲ್ಲಿ, ಎಲ್ಲರೆದುರು ನಾನು ಉಪದೇಶ ಮಾಡಿದೆ: ಶಾಸನದಲ್ಲಿ ಅಕ್ಷರ ಸವೆದಿದ್ದರೆ, ಪ್ರತಿ ಮಾಡುವಾಗ ನಾವು ಅಲ್ಲಿ ಚುಕ್ಕಿಗಳನ್ನಿಡುತ್ತೇವೆಯೇ ಹೊರತು ನಮ್ಮ ಅಕ್ಷರಗಳನ್ನು ತುಂಬುವುದಿಲ್ಲ, ಮೂಲ ಧಾಟಿ ತಿಳಿಯದ ವಚನಕ್ಕೂ ಅದೇ ನ್ಯಾಯ.

"ಚುಕ್ಕಿ ಹಾಡಾಕ ಬರ್ತೈತೇನ್ರಿ?" ಎಂದು ಕೇಳಿ ಹಾಲಪ್ಪನವರು ಹಾರ್ಮೋನಿಯಂ ಮುಚ್ಚಿದರು. ಮತ್ತೆ ತೆರೆಯಲಿಲ್ಲ. ಅಂಗಡಿಗೆ ಹೋದರೆ ಅಕ್ಕಿ ತೂಗಿ ಕೊಡುವರು, ಮಾತಿಲ್ಲ.

ವಿದ್ಯಾರ್ಥಿನಿ ನನ್ನ ಮೊಬೈಲಿಗೆ ಹಾಕಿಕೊಟ್ಟ ಹಾಡನ್ನು ಹಿಡಿದು, ಮುಂದಿನ ಸೋಮವಾರ ಅವರ ಮನೆಗೆ ಹೋದೆ.

"ಬರ್ರಿ ಡಾಕ್ಟರ್ರ" ಎಂದರು. ಕುಂದ್ರಿ ಎನ್ನಲಿಲ್ಲ. ನಿಂತೇ ಹಾಡು ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಗದ್ದಲ ಭಾಳ. ಆದ್ರ ಮಸ್ತ್ ಐತಿ. ಎಷ್ಟ್ ವರ್ಷದ್ದು?"

"ಮಾತು ಎಂಟುನೂರು ವರ್ಷದ್ದು. ಧಾಟಿ ಈಗಿನವರದು."

"ಹಂಗಾರ ಚುಕ್ಕಿ ಇಡ್ರಿ ಅಂತ ಅವ್ರಿಗೂ ಪತ್ರ ಬರದ್ರೇನು?"

"ಇಲ್ಲ. ಕಾಲು ಕುಣಿಸಿದೆ."

ಅವರ ಪತ್ನಿ ಗಂಗಮ್ಮನವರು ಅಡುಗೆಮನೆಯಿಂದಲೇ ನಕ್ಕರು. "ಡಾಕ್ಟರ್ರು ಕುಣದ್ರಂತ! ಕುಂದ್ರಸ್ರಿ ಅವ್ರನ್ನ, ಕಾಲು ನೊಂದಿರ್ತಾವ."

ಕುಳಿತೆ. ಕ್ಷಮೆಯನ್ನೂ ಕೇಳಿದೆ: ಅಂದು ಹಾಡಿನುದ್ದಕ್ಕೂ ಕಲ್ಲಿನಂತೆ ಕುಳಿತಿದ್ದು, ಮುಗಿದ ಕೂಡಲೇ ಹಾಗೆ ಅಂದದ್ದು, ಎರಡೂ ತಪ್ಪಾಯಿತು ಎಂದೆ.

"ಕಲ್ಲಿನಂಗ? ನೀವು?" ಗಂಗಮ್ಮನವರು ಕೈ ಒರೆಸಿಕೊಳ್ಳುತ್ತ ಬಂದು, ಅಂದಿನ ಭಜನೆಯನ್ನು ರೆಕಾರ್ಡ್ ಮಾಡಿಕೊಂಡಿದ್ದ ತಮ್ಮ ಮೊಬೈಲ್ ಒತ್ತಿದರು. ಹಾಲಪ್ಪನವರು ಕೇಳುತ್ತ ಕೇಳುತ್ತ ಹಾರ್ಮೋನಿಯಂ ಮೇಲಿನ ಬಟ್ಟೆ ಸರಿಸಿ, ತಮ್ಮದೇ ಧಾಟಿಗೆ ಸ್ವರ ಹುಡುಕತೊಡಗಿದರು.

ನನ್ನ ನೆನಪಿನಲ್ಲಿರುವುದು ತುಟಿ ಬಿಗಿದ ಸಂಶೋಧಕ. ಧ್ವನಿಮುದ್ರಿಕೆಯಲ್ಲಿರುವುದು, ಪಲ್ಲವಿ ಬಂದಾಗಲೆಲ್ಲ ತಾಳ ತಪ್ಪಿ ಚಪ್ಪಾಳೆ ತಟ್ಟುತ್ತ, ಎಲ್ಲರಿಗಿಂತ ಜೋರಾಗಿ ದನಿಗೂಡಿಸುತ್ತಿರುವ ಒಬ್ಬ ಮುದುಕ. ನೆನಪಿಗೂ ದಾಖಲೆಗೂ ವಿರೋಧ ಬಂದರೆ ದಾಖಲೆಯನ್ನೇ ನಂಬಬೇಕೆಂದು ಜೀವಮಾನವಿಡೀ ಸಾಧಿಸಿದವನು ನಾನು, ಮುದುಕನನ್ನೇ ಒಪ್ಪಿಕೊಂಡೆ.